ಕೂಡಿಟ್ಟ ರೊಕ್ಕಕ್ಕೆ ಕೈ ಹಚ್ಚದೆ ಇರುವುದು ಹೇಗೆ?



ರೊಕ್ಕ ಗಳಿಸುವ ಮಾತನ್ನು ನಾವು ದಿನಾಲೂ ಆಡುತ್ತೇವೆ. ಯಾವ ಬೀಜ ಹಾಕಬೇಕು, ಎಷ್ಟು ಗೊಬ್ಬರ ಕೊಡಬೇಕು, ಗದಗಿನ ಪೇಟೆಯಲ್ಲಿ ಹೆಸರಿನ ಧಾರಣೆ ಎಷ್ಟಾತು ಎಂದು ಕೇಳುತ್ತೇವೆ. ರೊಕ್ಕ ಕೂಡಿಡಬೇಕೆಂಬ ಮಾತನ್ನೂ ಆಡುತ್ತೇವೆ. ಆದರೆ ಕೂಡಿಟ್ಟ ರೊಕ್ಕ ಇಟ್ಟಲ್ಲೇ ಉಳಿಯುವಂತೆ ಮಾಡುವುದು ಹೇಗೆ ಎಂಬ ಮಾತು ಮಾತ್ರ ಅಪರೂಪ. ಇವತ್ತು ಅದನ್ನೇ ಸ್ವಲ್ಪ ವಿಚಾರ ಮಾಡೋಣ.

"ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಎಂಬ ಗಾದೆ ನಿಮಗೆಲ್ಲ ಗೊತ್ತು. ಆದರೆ ಹಳ್ಳದ ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ನೀರು ನಿಲ್ಲಬೇಕಾದರೆ ಕೆರೆ ಬೇಕು. ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಯನ್ನೇ ನೋಡಿರಿ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಬಾತುಗಳು ಚಳಿಗಾಲ ಕಳೆಯಲು ಅಲ್ಲಿ ಇಳಿಯುತ್ತವೆ. ಜಗತ್ತಿನಲ್ಲಿ ಮಹತ್ವದ್ದೆಂದು ಗುರುತಿಸಿದ ನೀರುನೆಲಗಳ ರಾಮ್ಸಾರ್ ಪಟ್ಟಿಗೆ ೨೦೨೪ರಲ್ಲಿ ಆ ಕೆರೆ ಸೇರಿತು. ಸುತ್ತಲಿನ ಹೊಲಗಳ ಮೇಲೆ ಬಿದ್ದ ಮಳೆಯೇ ಆ ಕೆರೆಗೂ ಬಿದ್ದದ್ದು. ಬೇರೆ ಮಳೆ ಅಲ್ಲ. ಏರಿ ಇದ್ದುದರಿಂದ ನೀರು ನಿಂತಿತು, ಅಷ್ಟೆ.

ರೊಕ್ಕದ ಮಾತೂ ಹಾಗೆಯೇ. ಒಂದೇ ಅಳತೆಯ ಹೊಲ, ಒಂದೇ ಪೀಕು, ಒಂದೇ ಧಾರಣೆ ಕಂಡ ಎರಡು ಮನೆಗಳಿರುತ್ತವೆ. ಒಂದು ಮನೆಯಲ್ಲಿ ರೊಕ್ಕ ನಿಲ್ಲುತ್ತದೆ, ಇನ್ನೊಂದರಲ್ಲಿ ಹರಿದು ಹೋಗುತ್ತದೆ. ಎರಡನೆಯ ಮನೆಯವರು ದುಂದುಗಾರರೆಂದು ತಿಳಿಯಬೇಡಿರಿ. ಅವರ ಮನಸ್ಸು ಸಡಿಲ ಅಂತಲೂ ಅಲ್ಲ. ಅವರ ರೊಕ್ಕಕ್ಕೆ ಏರಿ ಇಲ್ಲ.

ರೊಕ್ಕ ಸೋರುವ ಬಗೆ

ಪಗಾರದ ಮನೆಗೆ ತಿಂಗಳಿಗೊಮ್ಮೆ ರೊಕ್ಕ ಬರುತ್ತದೆ. ಮಳೆ ನಂಬಿದ ನಮ್ಮ ಎರೆ ನೆಲದವರಿಗೆ, ಮಸಾರಿಯವರಿಗೆ, ವರ್ಷಕ್ಕೆ ಎರಡು ಮೂರು ಸಲ ಮಾತ್ರ. ಮುಂಗಾರಿನ ಹೆಸರು, ಶೇಂಗಾ ಬಂದಾಗ ಒಮ್ಮೆ. ಹತ್ತಿ, ಮೆಣಸಿನಕಾಯಿ ಇದ್ದವರಿಗೆ ಇನ್ನೊಮ್ಮೆ. ಹಿಂಗಾರಿನ ಕಡಲಿ, ಬಿಳಿಜೋಳ ಬಂದಾಗ ಮತ್ತೊಮ್ಮೆ. ಖರ್ಚು ಮಾತ್ರ ದಿನಾಲೂ ಬರುತ್ತದೆ.

ಹೆಸರು ಮಾರಿದ ದಿನ ಕೈಯಲ್ಲಿ ರೊಕ್ಕ ಇರುತ್ತದೆ, ಮನಸ್ಸೂ ಹಗುರಾಗಿರುತ್ತದೆ. "ಮುಂದಿನ ಬಿತ್ತಿಗೆಗೆ ಇಪ್ಪತ್ತು ಸಾವಿರ ಎತ್ತಿಡೋಣ" ಎಂದು ಗಂಡಹೆಂಡಿರು ಮಾತಾಡಿಕೊಳ್ಳುತ್ತಾರೆ. ಮುಂದೆ ಮಹಾನವಮಿ, ದೀಪಾವಳಿ ಬಂದವು. ಮಕ್ಕಳಿಗೆ ಅರಿವೆ ಬೇಡವೇ? ಎರಡು ಸಾವಿರ ಹೋಯಿತು. ತಂಗಿಯ ಮನೆಯಲ್ಲಿ ಮದುವೆ. ಆಯೇರಿ ಮಾಡದಿದ್ದರೆ ಹೇಗೆ? ಐದು ಸಾವಿರ. ಊರ ಜಾತ್ರೆಗೆ ಬೀಗರು ಬಂದರು. ಮಗನ ಫೋನು ಒಡೆಯಿತು. ಗೆಳೆಯ ಕೈಗಡ ಕೇಳಿದ, ಇಲ್ಲವೆನ್ನಲು ಬಾಯಿ ಬರಲಿಲ್ಲ. ಪ್ರತಿ ಸಲವೂ ಮನೆಯಲ್ಲಿ ಒಂದೇ ಮಾತು: "ಇರ್ಲಿ ಬಿಡ, ಸುಗ್ಗಿಗೆ ಮತ್ತ ಇಟ್ರಾತು."

ಇದರಲ್ಲಿ ಕೆಟ್ಟ ಖರ್ಚು ಯಾವುದೂ ಇಲ್ಲ ನೋಡಿರಿ. ಕುಡಿತ, ಇಸ್ಪೀಟಿನಿಂದ ಹಾಳಾದ ಮನೆಗಳ ಮಾತು ಬೇರೆ. ಆದರೆ ಹೆಚ್ಚಿನ ಮನೆಗಳಲ್ಲಿ ಕೂಡಿಟ್ಟ ರೊಕ್ಕ ಹೋಗುವುದು ಒಳ್ಳೆಯ ಕಾರಣದ ಕೈ ಹಿಡಿದುಕೊಂಡೇ. ಅದಕ್ಕೇ ತಡೆಯುವುದು ಕಷ್ಟ.

ರೋಹಿಣಿ ಮಳೆಯ ಹೊತ್ತಿಗೆ ಬೀಜ ಗೊಬ್ಬರಕ್ಕೆ ರೊಕ್ಕ ಬೇಕು, ಡಬ್ಬಿ ಬರಿದು. ಆಗ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಇಪ್ಪತ್ತು ಸಾವಿರ ಕೈಸಾಲ ತಂದರು ಅನ್ನಿರಿ. ತಿಂಗಳಿಗೆ ೬೦೦ ರೂಪಾಯಿ ಬಡ್ಡಿ. ಐದು ತಿಂಗಳಿಗೆ ೩,೦೦೦ ರೂಪಾಯಿ. ಸಾಲ ಕೊಟ್ಟವರು ದಲಾಲಿ ಅಂಗಡಿಯವರಾಗಿದ್ದರೆ ಮಾಲನ್ನೂ ಅವರ ಅಂಗಡಿಗೇ ಹಾಕಬೇಕು. ಧಾರಣೆ ಏರುವವರೆಗೆ ತಡೆಯುವ ಹಾಗಿಲ್ಲ. ಅಂದರೆ ಡಬ್ಬಿಗೆ ಕೈ ಹಾಕಿದ್ದಕ್ಕೆ ನಾವು ತೆತ್ತ ದಂಡ ಬರೀ ಬಡ್ಡಿಯಲ್ಲ, ನಮ್ಮ ಪೀಕನ್ನು ನಮಗೆ ಬೇಕಾದಾಗ ಮಾರುವ ಹಕ್ಕೂ ಹೋಯಿತು.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಕರ್ನಾಟಕದಲ್ಲಿ ಸಹಕಾರಿ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ ಒಂದು ಮಿತಿಯವರೆಗೆ ಬಡ್ಡಿಯಿಲ್ಲ. ಆದರೆ ವಾಯಿದೆಯೊಳಗೆ ತುಂಬಿದವರಿಗೆ ಮಾತ್ರ ಆ ಸವಲತ್ತು. ಸಂಘಕ್ಕೆ ತುಂಬಲು ಎತ್ತಿಟ್ಟ ರೊಕ್ಕಕ್ಕೆ ಕೈ ಹಚ್ಚಿ ವಾಯಿದೆ ತಪ್ಪಿಸಿಕೊಂಡರೆ ಬಡ್ಡಿಯಿಲ್ಲದ ಸಾಲ ಬಡ್ಡಿಯ ಸಾಲವಾಗುತ್ತದೆ.

ಹಿರಿಯರ ಹಗೇವು ಕಲಿಸುವ ಪಾಠ

ನಮ್ಮ ಹಿರಿಯರು ಜೋಳ ಕಾಯ್ದಿಟ್ಟ ರೀತಿಯನ್ನು ಸ್ವಲ್ಪ ನೆನೆಯಿರಿ. ಅವರು ಎಲ್ಲ ಜೋಳವನ್ನೂ ಒಂದೇ ಕಡೆ ಇಡಲಿಲ್ಲ. ದಿನದ ರೊಟ್ಟಿಗೆ ಬೇಕಾದದ್ದು ಮನೆಯೊಳಗಿನ ಕಣಜದಲ್ಲಿ ಇರುತ್ತಿತ್ತು. ಮಿಕ್ಕದ್ದು ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು. ಹಗೇವಿನ ಒಳಬದಿಗೆ ಹುಲ್ಲು ದಂಟು ಹೊಂದಿಸಿ, ಜೋಳ ಸುರುವಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿ ಮೆತ್ತುತ್ತಿದ್ದರು. ಬಿತ್ತುವ ಬೀಜ ಮತ್ತೆ ಬೇರೆ: ಬೂದಿ ಕಲಸಿ, ಬೇವಿನ ಎಲೆ ಹಾಕಿ, ಕಟ್ಟಿಡುತ್ತಿದ್ದರು. ಹಸಿವೆಯಿದ್ದರೂ ಬೀಜದ ಗಡಿಗೆಗೆ ಕೈ ಹಾಕುವ ಹೆಣ್ಣುಮಗಳು ಇರಲಿಲ್ಲ.

ಹಗೇವಿನಲ್ಲಿ ಕಾಳು ಏಕೆ ಉಳಿಯುತ್ತಿತ್ತು? ಬಾಯಿ ಮುಚ್ಚಿದ ಮೇಲೆ ಒಳಗಿನ ಕಾಳು ಉಸಿರಾಡಿ ಒಳ್ಳೆಯ ಗಾಳಿ ಮುಗಿಯುತ್ತದೆ, ಕೆಟ್ಟ ಗಾಳಿ ತುಂಬುತ್ತದೆ; ಅದರಲ್ಲಿ ಹುಳು ಬದುಕುವುದಿಲ್ಲ. ಅದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಒಳಗೆ ಇಳಿದರೆ ಮನುಷ್ಯನ ಜೀವಕ್ಕೂ ಅಪಾಯ. ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಅದು ಆರುವುದಿಲ್ಲವೆಂದು ನೋಡಿಕೊಂಡ ಮೇಲೆಯೇ ಇಳಿಯುತ್ತಿದ್ದರು. ಅದಕ್ಕೆ ನಾಲ್ಕು ಆಳು ಬೇಕು, ಅರ್ಧ ದಿನ ಬೇಕು, ಓಣಿಗೆಲ್ಲ ಗೊತ್ತಾಗುತ್ತದೆ. ಹೀಗಾಗಿ ಬೀಗರು ಬಂದರೆಂದೋ ಜಾತ್ರೆ ಬಂತೆಂದೋ ಯಾರೂ ಹಗೇವು ತೆಗೆಯುತ್ತಿರಲಿಲ್ಲ. ಕಣಜದಲ್ಲಿ ಇದ್ದಷ್ಟರಲ್ಲಿ ಸುಧಾರಿಸುತ್ತಿದ್ದರು. ಬರ ಬಿದ್ದರೆ ಮಾತ್ರ ಹಗೇವು.

ಇದರಲ್ಲಿ ಮೂರು ಪಾಠ ಇವೆ. ಒಂದು, ದಿನದ ಕಾಳು ಬೇರೆ, ಕಾಯ್ದಿಟ್ಟ ಕಾಳು ಬೇರೆ. ಎರಡು, ಕಾಯ್ದಿಟ್ಟದ್ದನ್ನು ತೆಗೆಯುವುದು ತೊಡಕಿನ ಕೆಲಸವಾಗಿರಬೇಕು. ಮೂರು, ತೆಗೆದರೆ ನಾಲ್ಕು ಜನರಿಗೆ ಗೊತ್ತಾಗಬೇಕು. ಹಿರಿಯರು ತಮ್ಮ ಮನಸ್ಸಿನ ಗಟ್ಟಿತನವನ್ನು ನಂಬಲಿಲ್ಲ, ಹಗೇವಿನ ಕಲ್ಲನ್ನು ನಂಬಿದರು.

ಈಗಿನ ನಮ್ಮ ರೊಕ್ಕ ಎಲ್ಲಿದೆ? ಬ್ಯಾಂಕಿನ ಉಳಿತಾಯ ಖಾತೆಯಲ್ಲಿ. ಆ ಖಾತೆಗೆ ಫೋನು ಜೋಡಿಸಿದೆ. ಬೆರಳು ಒತ್ತಿದರೆ ಸಾಕು, ಲಕ್ಷ್ಮೇಶ್ವರದ ಅಂಗಡಿಗೆ ರೊಕ್ಕ ಹೋಯಿತು. ಇದು ಬಹಳ ಅನುಕೂಲ, ಬೇಡವೆನ್ನುವಂತಿಲ್ಲ. ಆದರೆ ಇದು ಕಣಜ, ಹಗೇವಲ್ಲ. ಬಿತ್ತಿಗೆಯ ರೊಕ್ಕ, ಸಂಘದ ಸಾಲದ ರೊಕ್ಕ, ಮಗಳ ಓದಿನ ರೊಕ್ಕ, ಸಂತೆಯ ರೊಕ್ಕ, ಎಲ್ಲ ಇದೇ ಒಂದು ಕಣಜದಲ್ಲಿ ಕಲೆತಿದ್ದರೆ ಯಾವುದು ಯಾವುದೆಂದು ಗುರುತು ಹತ್ತುವುದಿಲ್ಲ. ಖಾತೆಯಲ್ಲಿ ಐವತ್ತು ಸಾವಿರ ಕಂಡರೆ ಕಣ್ಣಿಗೆ ಎಲ್ಲವೂ ಖರ್ಚಿನ ರೊಕ್ಕವೇ.

ಬಂದ ದಿನವೇ ಪಾಲು ಮಾಡಿರಿ

ಮೊದಲ ಕೆಲಸ, ಮಾಲು ಮಾರಿದ ರೊಕ್ಕ ಬಂದ ದಿನವೇ ಪಾಲು ಮಾಡುವುದು. ಖರ್ಚು ಮಾಡಿ ಉಳಿದದ್ದನ್ನು ಎತ್ತಿಡುತ್ತೇನೆ ಅಂದರೆ ಉಳಿಯುವುದಿಲ್ಲ. ಎತ್ತಿಟ್ಟು ಮಿಕ್ಕದ್ದನ್ನು ಖರ್ಚು ಮಾಡಬೇಕು.

ಲೆಕ್ಕಕ್ಕಾಗಿ ಒಂದು ಮನೆಯನ್ನು ಹಿಡಿಯೋಣ. ಕೂಲಿ, ಬಾಡಿಗೆ ಎಲ್ಲ ಕಳೆದು ಹೆಸರು ಶೇಂಗಾದಿಂದ ೮೦,೦೦೦ ರೂಪಾಯಿ ಕೈಗೆ ಬಂತು ಅನ್ನಿರಿ. ಅದರಲ್ಲಿ ಸಂಘದ ಸಾಲದ ಕಂತಿಗೆ ೨೫,೦೦೦. ಮುಂದಿನ ಮುಂಗಾರಿನ ಬೀಜ ಗೊಬ್ಬರಕ್ಕೆ ೨೦,೦೦೦. ಕಡಲಿ ಬರುವವರೆಗೆ ಐದು ತಿಂಗಳು ಮನೆ ನಡೆಸಲು, ತಿಂಗಳಿಗೆ ೫,೦೦೦ದಂತೆ, ೨೫,೦೦೦. ಇದರಲ್ಲಿಯೇ ಹಬ್ಬ, ಆಯೇರಿ ಎಲ್ಲ. ಆಪತ್ತಿನ ಡಬ್ಬಿಗೆ ೫,೦೦೦. ದೂರದ ಕೆಲಸಕ್ಕೆ, ಅಂದರೆ ಮಗಳ ಓದಿಗೋ ಬಾವಿಯ ಕೆಲಸಕ್ಕೋ, ೫,೦೦೦. ಒಟ್ಟು ೮೦,೦೦೦ ಆಯಿತು. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು. ಆದರೆ ಪ್ರತಿ ಪಾಲಿಗೂ ಒಂದು ಹೆಸರು, ಒಂದು ದಿನ ಇರಲಿ: "ಇದು ರೋಹಿಣಿ ಮಳೆಗೆ", "ಇದು ಮಗಳ ಕಾಲೇಜಿಗೆ". ಹೆಸರಿಲ್ಲದ ರೊಕ್ಕಕ್ಕೆ ಎಲ್ಲರೂ ಒಡೆಯರು. ಹೆಸರಿಟ್ಟ ರೊಕ್ಕಕ್ಕೆ ಕೈ ಹಾಕುವಾಗ ಮನಸ್ಸು ಒಂದು ಸಲ ಹಿಂಜರಿಯುತ್ತದೆ.

ಒಂದು ಮಾತು ನೆನಪಿರಲಿ. ತಲೆಯ ಮೇಲೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಇದ್ದರೆ ದೂರದ ಪಾಲು ಎತ್ತಿಡುವ ಮೊದಲು ಅದನ್ನು ತೀರಿಸಿರಿ. ಆ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ೩೬ ರೂಪಾಯಿ ಬಡ್ಡಿ. ಯಾವ ಬ್ಯಾಂಕೂ ಠೇವಣಿಗೆ ಅಷ್ಟು ಕೊಡುವುದಿಲ್ಲ.

ಕಲ್ಲು ಎಲ್ಲಿ ಮುಚ್ಚಬೇಕು?

ಬಿತ್ತಿಗೆಯ ರೊಕ್ಕವನ್ನು ಬ್ಯಾಂಕಿನಲ್ಲಿ ಅವಧಿ ಠೇವಣಿ ಇಡಬಹುದು. ಬ್ಯಾಂಕಿನವರಿಗೆ ಹೇಳಿ ಅದು ಮೇ ತಿಂಗಳ ಕೊನೆಗೆ ಮುಗಿಯುವಂತೆ ಬರೆಸಿರಿ. ರೋಹಿಣಿ ಕೂಡುವ ಹೊತ್ತಿಗೆ ರೊಕ್ಕ ತಾನೇ ಕೈಗೆ ಬರುತ್ತದೆ. ನಡುವೆ ಬೇಕೆಂದರೆ ಬ್ಯಾಂಕಿಗೆ ಹೋಗಬೇಕು, ಅರ್ಜಿ ಬರೆಯಬೇಕು, ಬಡ್ಡಿ ಕಡಿಮೆಯಾಗುತ್ತದೆ. ಅದೇ ನಮಗೆ ಬೇಕಾದ ತೊಡಕು.

ದೂರದ ಪಾಲಿಗೆ ಅಂಚೆ ಕಚೇರಿ ಒಳ್ಳೆಯದು. ಅಲ್ಲಿಯ ರೊಕ್ಕಕ್ಕೆ ಕೇಂದ್ರ ಸರಕಾರವೇ ಹೊಣೆ. ಅಂಚೆಯ ಆವರ್ತ ಠೇವಣಿ, ಜನ ಆರ್‌ಡಿ ಅನ್ನುವುದು, ತಿಂಗಳಿಗೆ ೧೦೦ ರೂಪಾಯಿಯಿಂದ ಶುರುವಾಗುತ್ತದೆ, ಐದು ವರ್ಷದ್ದು. ತಿಂಗಳಿಗೆ ೫೦೦ರಂತೆ ೬೦ ತಿಂಗಳು ತುಂಬಿದರೆ ತುಂಬಿದ್ದೇ ೩೦,೦೦೦, ಬಡ್ಡಿ ಬೇರೆ. "ನಮಗೆ ತಿಂಗಳಾ ರೊಕ್ಕ ಎಲ್ಲಿಂದ ಬರ್ಬೇಕ್ರಿ?" ಅಂತೀರಿ. ಕಂತುಗಳನ್ನು ಮುಂಗಡ ತುಂಬಲು ಅವಕಾಶವಿದೆ. ಸುಗ್ಗಿಯಲ್ಲಿ ಆರು ತಿಂಗಳ ಕಂತು ಒಮ್ಮೆಗೇ ತುಂಬಿಬಿಡಿರಿ. ಈ ಖಾತೆಯನ್ನು ಮೂರು ವರ್ಷದ ಮುಂಚೆ ಒಡೆಯಲು ಬರುವುದಿಲ್ಲ. ಆದರೆ ಹನ್ನೆರಡು ಕಂತು ತುಂಬಿ ವರ್ಷ ಕಳೆದ ಮೇಲೆ, ಇದ್ದ ರೊಕ್ಕದ ಅರ್ಧದವರೆಗೆ ಸಾಲ ಸಿಗುತ್ತದೆ. ಹಗೇವನ್ನು ಒಡೆಯದೆ ಕಷ್ಟ ದಾಟುವ ದಾರಿ ಇದು.

ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ ಇದೆ. ಇದು ೨೦೧೫ರಲ್ಲಿ ಶುರುವಾಯಿತು. ವರ್ಷಕ್ಕೆ ಕನಿಷ್ಠ ೨೫೦ ರೂಪಾಯಿ ತುಂಬಿದರೂ ಸಾಕು. ಹುಡುಗಿಗೆ ೧೮ ತುಂಬಿದ ಮೇಲೆ ಇಲ್ಲವೆ ಹತ್ತನೆಯ ಇಯತ್ತೆ ಪಾಸಾದ ಮೇಲೆ, ಅವಳ ಮುಂದಿನ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಜಾತ್ರೆಗೆಂದು, ಟ್ರ್ಯಾಕ್ಟರಿಗೆಂದು ಅದನ್ನು ಯಾರೂ ತೆಗೆಯಲು ಬರುವುದಿಲ್ಲ. ಬಡ್ಡಿಯ ದರ ಆಗಾಗ ಬದಲಾಗುತ್ತದೆ, ತುಂಬುವ ದಿನ ಅಂಚೆಯಲ್ಲಿ ಕೇಳಿಕೊಳ್ಳಿರಿ.

ತಾಯಂದಿರಿಗೆ ಇನ್ನೊಂದು ದಾರಿ ಸ್ವಸಹಾಯ ಸಂಘ. ಕರ್ನಾಟಕದ ಸ್ತ್ರೀಶಕ್ತಿ ಯೋಜನೆ ೨೦೦೦ದಲ್ಲಿ ಆರಂಭವಾಯಿತು. ಇಂಥ ಸಂಘಗಳಲ್ಲಿ ವಾರಕ್ಕೊಮ್ಮೆ ಕೂಡುತ್ತಾರೆ, ಎಲ್ಲರೆದುರು ರೊಕ್ಕ ತುಂಬುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ತೆಗೆಯಬೇಕಾದರೂ ಎಲ್ಲರೆದುರೇ ಕೇಳಬೇಕು. "ಯಾತಕ್ಕ ಬೇಕಾಗೇತಿ, ಅಕ್ಕಾ?" ಎಂದು ಒಬ್ಬಾಕೆ ಕೇಳಿದರೆ ಸಾಕು, ಬೇಡದ ಖರ್ಚು ಅಲ್ಲೇ ನಿಲ್ಲುತ್ತದೆ. ೨೦೨೩ರಲ್ಲಿ ಶುರುವಾದ ಗೃಹಲಕ್ಷ್ಮಿಯ ರೊಕ್ಕ ಬಂದವರು ಅದರಲ್ಲಿ ಇನ್ನೂರು ಮುನ್ನೂರನ್ನಾದರೂ ಬಂದ ದಿನವೇ ಹೀಗೆ ಬೇರೆ ಕಡೆ ದಾಟಿಸಿದರೆ ಅದು ಸಂತೆಯಲ್ಲಿ ಕರಗುವುದಿಲ್ಲ.

ಕಲ್ಲು ಮುಚ್ಚುವ ಮುನ್ನ ನೆಲ ಗಟ್ಟಿಯಿದೆಯೇ ಎಂದು ನೋಡುವುದೂ ಅಷ್ಟೇ ಮುಖ್ಯ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿಯೂ, ಒಬ್ಬರ ಠೇವಣಿಗೆ ೫ ಲಕ್ಷ ರೂಪಾಯಿಯವರೆಗೆ ವಿಮೆ ಇದೆ. ೨೦೨೦ರಲ್ಲಿ ಈ ಮಿತಿಯನ್ನು ೧ ಲಕ್ಷದಿಂದ ೫ ಲಕ್ಷಕ್ಕೆ ಏರಿಸಿದರು. ಊರಿನ ಪ್ರಾಥಮಿಕ ಸಂಘ, ಸೌಹಾರ್ದ ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಅಲ್ಲಿ ಇಡುವ ಮುನ್ನ ವಾರ್ಷಿಕ ಸಭೆಗೆ ಹೋಗಿ, ಲೆಕ್ಕಪತ್ರ ಕೇಳಿರಿ. ಬಹಳ ಬಡ್ಡಿಯ ಆಸೆ ತೋರಿಸುವ ಚೀಟಿ, ಭಿಶಿಗಳಿಂದ ದೂರ ಇರಿ.

ಕಣಗಿನಹಾಳದವರು ಮಾಡಿದ್ದು

ಊರ ಕಣ್ಣೇ ರೊಕ್ಕಕ್ಕೆ ಬೀಗವಾಗಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಗದಗ ತಾಲೂಕಿನ ಕಣಗಿನಹಾಳವೇ ಸಾಕ್ಷಿ. ಜರ್ಮನಿ ದೇಶದಲ್ಲಿ ರೈಫೈಸನ್ ಎಂಬವರು ೧೮೬೦ರ ದಶಕದಲ್ಲಿ ಹಳ್ಳಿಯವರ ಪತ್ತಿನ ಸಂಘಗಳನ್ನು ಕಟ್ಟಿದ್ದರು. ಅದೇ ಮಾದರಿ ನೋಡಿ ೧೯೦೪ರಲ್ಲಿ ಆಗಿನ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ, ೧೯೦೫ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ಕಟ್ಟಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದು ಹೆಸರಾಗಿದೆ.

ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ಒಬ್ಬ ಮುಳುಗಿದರೆ ಉಳಿದವರೂ ತೆರಬೇಕು. ಆದ್ದರಿಂದ ಯಾರಿಗೆ ಎಷ್ಟು ಕೊಡಬೇಕು, ಯಾತಕ್ಕೆ ಕೊಡಬೇಕು ಎಂದು ಊರವರೇ ಕುಳಿತು ನೋಡಬೇಕಾಗುತ್ತಿತ್ತು. ಎತ್ತು ತರಲು ಒಯ್ದವನು ಎತ್ತು ತಂದನೋ ಇಲ್ಲವೋ ಎಂದು ನೆರೆಮನೆಯವರ ಕಣ್ಣಿಗೆ ಬೀಳುತ್ತಿತ್ತು. ನಿಮ್ಮ ಮನೆಯ ರೊಕ್ಕಕ್ಕೂ ಇಂಥ ಎರಡನೆಯ ಕಣ್ಣು ಬೇಕು. ಗಂಡ ಹೆಂಡತಿ ಇಬ್ಬರಿಗೂ ಲೆಕ್ಕ ಗೊತ್ತಿರಲಿ. ಇಬ್ಬರೂ ಹೂಂ ಅನ್ನದೆ ಠೇವಣಿ ಒಡೆಯಬಾರದು. ಜಂಟಿ ಖಾತೆ ಮಾಡಿಸಿ, ಇಬ್ಬರ ಸಹಿಯೂ ಬೇಕೆಂದು ಬ್ಯಾಂಕಿನಲ್ಲಿ ಬರೆಸಿದರೆ ಇನ್ನೂ ಗಟ್ಟಿ.

ಸಣ್ಣ ಡಬ್ಬಿ ಇರದಿದ್ದರೆ ದೊಡ್ಡ ಹಗೇವು ಉಳಿಯದು

ಹಾಗಂತ ಎಲ್ಲ ರೊಕ್ಕಕ್ಕೂ ಕಲ್ಲು ಮುಚ್ಚಬಾರದು. ನಡುರಾತ್ರಿ ಮಗುವಿಗೆ ಜ್ವರ ಬಂತು, ಎತ್ತಿನ ಕಾಲು ಮುರಿಯಿತು. ಆಗ ಏನು ಮಾಡುತ್ತೀರಿ? ಒಂದೋ ಸಾಲ, ಇಲ್ಲವೆ ಠೇವಣಿ ಒಡೆಯುವುದು. ಒಮ್ಮೆ ಒಡೆದ ಠೇವಣಿಯಲ್ಲಿ ದವಾಖಾನೆಗೆ ಮೂರು ಸಾವಿರ ಹೋದರೆ ಮಿಕ್ಕದ್ದು ಕೈಯಲ್ಲೇ ಕರಗುತ್ತದೆ.

ಬೇರೆ ದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಫಿಲಿಪ್ಪೀನ್ಸಿನ ಒಂದು ಗ್ರಾಮೀಣ ಬ್ಯಾಂಕು, ತಾವೇ ಗೊತ್ತು ಮಾಡಿದ ದಿನ ಇಲ್ಲವೆ ಮೊತ್ತ ಬರುವವರೆಗೆ ತೆಗೆಯಲಾಗದ ಖಾತೆಯನ್ನು ಕೆಲವು ಗ್ರಾಹಕರ ಮುಂದಿಟ್ಟಿತು. ೨೦೦೬ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಒಂದು ವರ್ಷದಲ್ಲಿ ಅವರ ಉಳಿತಾಯ ಉಳಿದವರಿಗಿಂತ ಸುಮಾರು ಶೇಕಡಾ ೮೦ರಷ್ಟು ಹೆಚ್ಚು ಬೆಳೆಯಿತು. ಕೀನ್ಯಾದ ಹಳ್ಳಿಗಳಲ್ಲಿ, ೨೦೧೩ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಆರೋಗ್ಯದ ಖರ್ಚಿಗೆಂದು ಬೀಗ ಇರುವ ಪೆಟ್ಟಿಗೆ ಕೊಟ್ಟರು. ಕೀಲಿ ಮನೆಯವರ ಬಳಿಯೇ ಇದ್ದ ಸಾದಾ ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡಿತು. ಕೀಲಿ ಬೇರೆಯವರ ಕೈಯಲ್ಲಿದ್ದ ಪೆಟ್ಟಿಗೆ ಅಷ್ಟು ಉಪಯೋಗ ಬೀಳಲಿಲ್ಲ. ಆಪತ್ತಿಗೆ ಕೈಗೆ ಸಿಗದ ರೊಕ್ಕವನ್ನು ಇಡಲು ಜನ ಹಿಂಜರಿದರು. ಕಣಜವೂ ಬೇಕು, ಹಗೇವೂ ಬೇಕು ಎಂದು ನಮ್ಮ ಹಿರಿಯರು ಕಂಡುಕೊಂಡದ್ದೂ ಇದೇ.

ಆದ್ದರಿಂದ ಆಪತ್ತಿನ ಡಬ್ಬಿ ಬೇರೆ ಇರಲಿ. ಅದಕ್ಕೆ ಕೈ ಹಾಕುವುದಕ್ಕೂ ಒಂದು ಕಟ್ಟಳೆ ಮಾಡಿಕೊಳ್ಳಿರಿ. ರೋಗ, ದನದ ಕೇಡು, ಮನೆಯ ಗೋಡೆ ಬಿದ್ದದ್ದು, ಇಷ್ಟಕ್ಕೆ ಮಾತ್ರ. ಉಳಿದ ಯಾವ ಖರ್ಚಿಗೂ ಒಂದು ರಾತ್ರಿ ಕಳೆಯಲಿ. ಬೆಳಗಾದ ಮೇಲೂ ಬೇಕೆನಿಸಿದರೆ ಮನೆ ಖರ್ಚಿನ ಪಾಲಿನಲ್ಲಿ ನೋಡಿರಿ. ಡಬ್ಬಿಯಿಂದ ತೆಗೆದದ್ದನ್ನು ಸಾಲ ಎಂದೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ: ಯಾರು, ಎಷ್ಟು, ಯಾವ ಪೀಕಿಗೆ ಮರಳಿ ತುಂಬಬೇಕು. ಸಾವುಕಾರನ ಸಾಲ ತೀರಿಸುವ ನಾವು ನಮ್ಮ ಡಬ್ಬಿಯ ಸಾಲವನ್ನು ಏಕೆ ತೀರಿಸಬಾರದು? ನೆಂಟರು ಕೈಗಡ ಕೇಳಿದಾಗ "ರೊಕ್ಕ ಠೇವಣ್ಯಾಗ ಐತ್ರಿ, ಮೇ ತಿಂಗಳಾ ತನಕ ತೆಗೀಲಿಕ್ಕೆ ಬರಂಗಿಲ್ಲ" ಎಂದು ಹೇಳಿದರೆ ಸುಳ್ಳೂ ಅಲ್ಲ, ಮನಸ್ತಾಪವೂ ಇಲ್ಲ.

"ಎತ್ತಿಡಾಕ ಉಳಿಯೂದ ಇಲ್ರಿ" ಎನ್ನುವ ಕೂಲಿಯವರ, ತುಂಡು ಹೊಲದವರ ಮಾತೂ ಸುಳ್ಳಲ್ಲ. ಬರದ ವರ್ಷದಲ್ಲಿ ಯಾರಿಗೂ ಉಳಿಯುವುದಿಲ್ಲ. ೨೦೨೩ರಲ್ಲಿ ನಮ್ಮ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷ ಹಗೇವು ತೆಗೆಯುವುದು ತಪ್ಪಲ್ಲ, ಅದಕ್ಕಾಗಿಯೇ ಅದನ್ನು ತುಂಬಿದ್ದು. ತಪ್ಪು ಯಾವುದೆಂದರೆ, ಒಳ್ಳೆಯ ವರ್ಷದಲ್ಲಿ ಬಾಯಿ ತೆರೆದಿಟ್ಟು, ಬರದ ವರ್ಷ ಬರಿದಾದ ಹಗೇವಿನೊಳಗೆ ದೀಪ ಇಳಿಸಿ ನೋಡುವುದು.

ಈ ಸಲದ ಮಾಲು ಪೇಟೆಗೆ ಹೋಗುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕುಳಿತುಕೊಳ್ಳಿರಿ. ಪಾಲುಗಳಿಗೆ ಹೆಸರಿಡಿರಿ, ಅಂಕಿ ಬರೆಯಿರಿ. ಗದಗಿನಿಂದಲೋ ಲಕ್ಷ್ಮೇಶ್ವರದಿಂದಲೋ ಪಟ್ಟಿಯ ರೊಕ್ಕ ತೆಗೆದುಕೊಂಡು ಬರುವಾಗ ಬ್ಯಾಂಕಿನ, ಅಂಚೆಯ ಕೆಲಸ ಮುಗಿಸಿಯೇ ಮನೆಗೆ ಬನ್ನಿರಿ. ಎಲ್ಲ ಪಾಲು ಆಗದಿದ್ದರೆ ಬಿತ್ತಿಗೆಯ ಪಾಲೊಂದನ್ನಾದರೂ ಮೊದಲು ಕಟ್ಟಿಡಿರಿ. ಬರುವ ಮುಂಗಾರಿಗೆ ಬೀಜದ ಅಂಗಡಿಯ ಮುಂದೆ ನಿಮ್ಮ ರೊಕ್ಕ ಹಿಡಿದುಕೊಂಡು ನೀವೇ ನಿಲ್ಲುವಂತಾಗಲಿ.